ಹೆಸರಿಗೆ ಜಾಗ ಬಿಟ್ಟ ಬಿನ್ನವತ್ತಳೆ

ರೋಣದ ಆ ಹೈಸ್ಕೂಲಿನಲ್ಲಿ ಯಾರಿಗೆ ಸನ್ಮಾನವಾಗಲಿ, ಬಿನ್ನವತ್ತಳೆ ಬರೆಯುವ ಕೆಲಸ ನಮ್ರತಾಳದೇ. ಶಾಲು ಹೊದಿಸಿ, ಹಾರ ಹಾಕಿ, ಆಮೇಲೆ ಎಲ್ಲರೆದುರು ಓದಿ ಕೈಗಿಡುವ, ಕಟ್ಟು ಹಾಕಿದ ಹೊಗಳಿಕೆ ಅದು. ಪ್ರತಿ ಪ್ಯಾರಾದ ನೆತ್ತಿಯ ಮೇಲೆ ‘ಸರಳ ಜೀವಿಗಳೇ’, ‘ಅಕ್ಷರ ದಾಸೋಹಿಗಳೇ’ ಎಂದು ಒಂದೊಂದು ಕರೆ ಇರಬೇಕು. ಅವಳಿಗೆ ಅದರ ಹದ ಗೊತ್ತಿತ್ತು. ನೀರು ಹೆಚ್ಚಾದರೆ ಹೊಗಳಿಕೆ ರೊಟ್ಟಿ ಹಿಟ್ಟಿನಂತೆ ಕೈಗೆ ಮೆತ್ತುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದಳು. ಗಜೇಂದ್ರಗಡದ ಕಾಶೀಂಸಾಬರು ತಮ್ಮ ಪ್ರೆಸ್ಸಿನಲ್ಲಿ ಅದನ್ನು ಬಂಗಾರದ ಬಣ್ಣದಲ್ಲಿ ಕೂಡಿಸುತ್ತಿದ್ದರು. ಅದು ಹಿಂದಿನಿಂದ ಬಂದ ಪದ್ಧತಿ.

ಈ ಕೆಲಸಕ್ಕೆ ಅವಳು ಒಂದು ಸಲವೂ ಇಲ್ಲವೆಂದಿರಲಿಲ್ಲ. ಇಲ್ಲವೆನ್ನುವ ಸ್ಥಿತಿಯೂ ಇರಲಿಲ್ಲ. ಹಿರಿಯ ಮಗಳು ಶ್ರದ್ಧಾ ಹೊಟ್ಟೆಯಲ್ಲಿದ್ದಾಗ ಶಾಲೆ ಸೇರಿದವಳು. ಈಗ ಶ್ರದ್ಧಾ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ, ತಾಯಿ ಇನ್ನೂ ಆಡಳಿತ ಮಂಡಳಿ ಕೊಟ್ಟಷ್ಟು ಪಡೆಯುವ ತಾತ್ಕಾಲಿಕ ಶಿಕ್ಷಕಿ. ಹಳೆಯ ಕನ್ನಡ ಮಾಸ್ತರರು ನಿವೃತ್ತರಾಗಿ ಅವರ ಸರಕಾರಿ ಸಂಬಳದ ಹುದ್ದೆ ಖಾಲಿ ಬಿದ್ದಿತ್ತು. ಅದಕ್ಕೆ ಮಂಡಳಿ ಒಬ್ಬರ ಹೆಸರು ಕಳಿಸಬೇಕು. ಅಧ್ಯಕ್ಷ ಈಶಪ್ಪನವರು ಅಬ್ಬಿಗೇರಿಯ ದೊಡ್ಡ ಕಡಲೆ ವ್ಯಾಪಾರಿ. ರಾಜ್ಯೋತ್ಸವದ ದಿನ ಅವರೇ ಹೇಳಿದ್ದರು: “ಈ ಸಲ ನಿಮ್ಮ ಹೆಸರ ಹೋಗೂದು. ಚಿಂತಿ ಬಿಡ್ರಿ.” ಅವಳು ನಿಜವಾಗಿಯೂ ಬಿಟ್ಟಿದ್ದಳು.

ಫೆಬ್ರವರಿಯಲ್ಲಿ ಹೆಡ್‌ಮಾಸ್ತರ್ ಮಹಾಲಿಂಗಪ್ಪ ಅವಳನ್ನು ಕೋಣೆಗೆ ಕರೆದರು.

“ಬಾಯಾರ, ಲಗೂನ ಒಂದ ಬಿನ್ನವತ್ತಳಿ ಆಗಬೇಕಲ್ರಿ.”

“ಯಾರಿಗ್ರಿ ಸರ್?”

“ನಮ್ಮವರಿಗೇ, ಒಬ್ರು ಅಕ್ಕೋರಿಗೆ. ಸದ್ಯಕ್ಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಸರ್‌ಪ್ರೈಜ್ ಐತಿ. ಕಲಿಸೋ ವಿಷಯ ಗಿಷಯ ಏನೂ ಹಾಕಬ್ಯಾಡ್ರಿ, ಒಟ್ಟಾರೆ ಬರೀರಿ. ಒಂದ ಸಾಲು ಮಾತ್ರ ಬರಾಕಬೇಕು ನೋಡ್ರಿ: ‘ಮನೆತನದ ಜವಾಬ್ದಾರಿಯ ನಿಮಿತ್ತ ಸ್ವಇಚ್ಛೆಯಿಂದ ಸೇವೆಯಿಂದ ಬಿಡುವು ಪಡೆಯುತ್ತಿರುವ’. ಮಂಡಳಿದವರು ಮುದ್ದಾಂ ಹೇಳ್ಯಾರ.”

ಹೊರಗೆ ಬರುವಷ್ಟರಲ್ಲಿ ನಮ್ರತಾ ಅದು ಯಾರಿಗೆಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು. ಹೊಲಿಗೆ ಕಲಿಸುವ ಗೌರವ್ವ. ಆಕೆಯ ಮೊಣಕಾಲು ಹೋಗಿತ್ತು, ಸೊಸೆಗೆ ದಿನ ತುಂಬಿತ್ತು. ಮತ್ತ್ಯಾರಿದ್ದಾರೆ?

ಬರೆದದ್ದು ಅಡಿಗೆಮನೆಯಲ್ಲಿ. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಒಂದು ಸಾಲು, ಕುಕ್ಕರು ಕೂಗುವಷ್ಟರಲ್ಲಿ ಇನ್ನೊಂದು. ಅತ್ತೆ ಅನಸೂಯಾಬಾಯಿ ಸೊಪ್ಪು ಸೋಸುತ್ತ ಕೇಳಿದರು, “ಇವತ್ತ ಯಾರನ್ನ ಕೂಡಸ್ಲಿಕ್ಕತ್ತೀ ಅಂಬಾರಿಮ್ಯಾಲ?”

“ಪಾಪ, ಒಬ್ಬ ಅಕ್ಕೋರನ್ನ ಕಳಸ್ಲಿಕ್ಕತ್ತಾರರಿ ಅತ್ತೆ.”

“ಛಲೋತ್ನಾಗ ಬರಿ ಮತ್ತ. ಜನ್ಮಕ್ಕೊಂದ ಸಲ ಸಿಗೂ ಹೊಗಳಿಕಿ.”

ಛಲೋತ್ನಾಗಿಯೇ ಬರೆದಳು. ವಿಷಯ ಬೇಡವೆಂದಿದ್ದರೂ ಗೌರವ್ವನ ಮೇಲಿನ ಪ್ರೀತಿಗೆ ಒಂದು ಪ್ಯಾರಾಕ್ಕೆ ‘ಹರಿದದ್ದನ್ನು ಹೊಲಿದ ಕೈಗಳೇ’ ಎಂದು ತಲೆಬರಹ ಕೊಟ್ಟಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹುಡುಗಿಯರ ಹರಿದ ಲಂಗಕ್ಕೆ ಆಕೆ ಹಾಕುತ್ತಿದ್ದ ಹೊಲಿಗೆ ಕಣ್ಣಮುಂದಿತ್ತು.

ಆ ವಾರ ಒಂಬತ್ತನೇ ತರಗತಿಯಲ್ಲಿ ಅವಳು ಲೇಖಕರ ಉದ್ದೇಶ, ದೃಷ್ಟಿಕೋನ ಎಂಬ ಪಾಠ ನಡೆಸಿದ್ದಳು. ಗೊಬ್ಬರದ ಚೀಲ, ಲಗ್ನಪತ್ರಿಕೆ, ಹಳೆಯ ಸುದ್ದಿಪತ್ರಿಕೆ, ಏನು ಸಿಕ್ಕರೂ ತಂದು ಮಕ್ಕಳ ಮುಂದಿಟ್ಟು ಕೇಳುತ್ತಿದ್ದಳು: ಯಾರು ಬರೆದರು? ಯಾರಿಗೆ? ಯಾಕೆ? ಏನನ್ನು ಬಿಟ್ಟರು? ಮಲಪ್ರಭೆ ಉಕ್ಕಿದ ವರ್ಷದ ಒಂದು ಸುದ್ದಿ ತುಣುಕಿನಲ್ಲಿ ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎಂದಿತ್ತು. ಹೊಳೆದಂಡೆಯ ಮೆಣಸಗಿಯಿಂದ ದಿನಾಲೂ ಬಸ್ಸಿಗೆ ಬರುವ ದುರ್ಗಾ ಎದ್ದು ಹೇಳಿದ್ದಳು, “ಇದನ್ನ ಬರದವರು ದಂಡೀಮ್ಯಾಲ ನಿಂತ ಬರದಾರ್ರಿ ಅಕ್ಕೋರ. ನಮ್ಮ ಅಡಿಗಿಮನ್ಯಾಗ ನಿಂತಿದ್ರ ಹಿಂಗ ಬರೀತಿದ್ದಿಲ್ಲ.” ಅಂದು ಮನೆಗೆ ಹೋಗುವಾಗ ನಮ್ರತಾಳಿಗೆ ಕಾಲು ನೆಲಕ್ಕೆ ಹತ್ತಿರಲಿಲ್ಲ.

ಈಗ ಬಿನ್ನವತ್ತಳೆಯ ಕರಡನ್ನೇ ತಂದು ಓದಿದಳು. ತಾನು ಬರೆದದ್ದೆಂದು ಹೇಳಲಿಲ್ಲ.

ಮೊದಲು ಎದ್ದವನು ಗುರುಸಂಗಪ್ಪ. ಕೈಕಟ್ಟಿ ಒಪ್ಪಿಸಿದ: “ಲೇಖಕರ ಉದ್ದೇಶವು ಶಿಕ್ಷಕಿಯ ಅಮೂಲ್ಯ ಸೇವೆಯನ್ನು ಸ್ಮರಿಸುವುದಾಗಿದೆ.”

“ಗೈಡು ಮಾತಾಡ್ತು. ಇನ್ನ ನೀ ಮಾತಾಡು,” ಎಂದಳು ನಮ್ರತಾ. ತರಗತಿ ನಕ್ಕಿತು. ಗುರುಸಂಗಪ್ಪನೂ ನಕ್ಕು ಕುಳಿತ.

ದುರ್ಗಾ ಹಣೆ ಗಂಟಿಕ್ಕಿದ್ದಳು. “ಅಕ್ಕೋರ, ‘ಸ್ವಇಚ್ಛೆಯಿಂದ’ ಅಂತ ಯಾಕ ಬರದಾರ್ರಿ?”

“ತಾವಾಗೇ ಹೊಂಟಾರ, ಅದಕ್ಕ.”

“ತಾವಾಗೇ ಹೋಗೋರಿಗೆ ಅದನ್ನ ಹೇಳೂದು ಬೇಕಾಗಂಗಿಲ್ಲಲ್ರಿ. ನಮ್ಮಣ್ಣ ಸಂತಿಗೆ ಹೊಂಟ್ರ ‘ಸ್ವಇಚ್ಛೆಯಿಂದ ಹೊಂಟಾನ’ ಅಂತ ಯಾರರೆ ಅಂತಾರೇನ್ರಿ?” ಮತ್ತೆ ನಗು. ಅವಳು ನಗಲಿಲ್ಲ. “ಉಳಿದ ಸಾಲೆಲ್ಲಾ ಜೀವ ಇದ್ದವರು ಬರದಂಗೈತ್ರಿ. ಇದೊಂದು ಆಫೀಸಿನವರು ಬರದಂಗೈತಿ. ಬರದವರೊಬ್ರು, ಬರಸಿದವರೊಬ್ರು ಇರಬೇಕ್ರಿ.”

“ಶಭಾಷ್!” ಎಂದು ನಮ್ರತಾ ಹಲಗೆಯತ್ತ ತಿರುಗಿ, ನಾಲ್ಕು ಪ್ರಶ್ನೆಗಳ ಕೆಳಗೆ ಐದನೆಯದನ್ನು ದೊಡ್ಡದಾಗಿ ಬರೆದಳು: ಬರೆಯಿಸಿದವರು ಯಾರು? ಆಮೇಲೆ ಗಂಟೆ ಹೊಡೆಯಿತು. ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಜಾಡಿಸಿಕೊಂಡು ಮುಂದಿನ ತರಗತಿಗೆ ಹೋದಳು.

ಮರುದಿನ ಮುಂಜಾನೆ ಕಾಶೀಂಸಾಬರು ಎಂದಿನಂತೆ ಪ್ರೂಫಿನ ಚಿತ್ರವನ್ನು ಮೊಬೈಲಿಗೆ ಕಳಿಸಿದರು. ಕಿರಿಯ ಮಗಳು ಚಿನ್ನುವಿನ ಡಬ್ಬಿಗೆ ಅವಲಕ್ಕಿ ತುಂಬುತ್ತ ನಮ್ರತಾ ನೋಡಿದಳು. ಹೂಬಳ್ಳಿಯ ಚೌಕಟ್ಟು ಚೆನ್ನಾಗಿತ್ತು. ಮೇಲೆ ಬಂಗಾರದ ಬಣ್ಣದಲ್ಲಿ ಅವಳ ಹೆಸರಿತ್ತು.

ನಗು ಬಂತು. ಫೋನು ಹಚ್ಚಿದಳು. “ಕಾಶೀಂಸಾಬರ, ಬರದವರ ಹೆಸರ ಒಯ್ದು ಮ್ಯಾಲ ಕೂಡಿಸೀರಲ್ರಿ! ಗೌರವ್ವನವರದು ಹಾಕ್ರಿ.”

ಆ ಕಡೆ ಯಂತ್ರದ ಸದ್ದು ನಿಂತಿತು. “ಇಲ್ರಿ ಬಾಯಾರ. ಹೆಡ್‌ಮಾಸ್ತರು ಬರಕೊಟ್ಟ ಹೆಸರ ಇದು. ನಿಮಗ... ಗೊತ್ತಿದ್ದಿಲ್ಲೇನ್ರಿ?”

ಡಬ್ಬಿಯ ಮುಚ್ಚಳ ಕೂಡಲಿಲ್ಲ. ಚಿನ್ನು ತಾನೇ ಕಸಿದುಕೊಂಡು ಮುಚ್ಚಿಕೊಂಡಳು.

ದುರ್ಗಾ ಆ ಸಾಲಿನ ಮೇಲೆಯೇ ಬೆರಳಿಟ್ಟು ತೋರಿಸಿದ್ದಳು. ತಾನು ಶಭಾಷ್ ಎಂದಿದ್ದಳು, ಅಷ್ಟೆ.

“ಆ ಸ್ವಇಚ್ಛೆಯಿಂದ ಅನ್ನೋದೊಂದು ತಗದಬಿಡ್ರಿ,” ಎಂದಳು.

“ಅದಕ್ಕ ಕೈ ಹಚ್ಚಬ್ಯಾಡ ಅಂತ ತಾಕೀತ ಮಾಡ್ಯಾರ್ರಿ. ಉಳಿದದ್ದು ಏನ್ ಬೇಕಾದ್ದು ತಿದ್ರಿ,” ಎಂದರು ಕಾಶೀಂಸಾಬರು. ಅವರಿಗೂ ನಾಚಿಕೆಯಾದಂತಿತ್ತು.

ಶಾಲೆಗೆ ಹೋಗಿ ಕೇಳಿದಾಗ ಮಹಾಲಿಂಗಪ್ಪ ಕಣ್ಣು ತಪ್ಪಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. “ಅಧ್ಯಕ್ಷರ ಸೊಸಿದು ಬಿ.ಎಡ್. ಮುಗದೈತ್ರಿ. ಹುದ್ದೆಕ್ಕ ಆಕಿ ಹೆಸರ ಹೋಗಿ ಮಂಜೂರೂ ಆತು, ಇನ್ನ ಕನ್ನಡಕ್ಕ ತಾತ್ಕಾಲಿಕದವರು ಬ್ಯಾಡ ಅಂತಾರ. ನಾಳೆ ನೀವು ಕೋರ್ಟು ಗೀರ್ಟು ಅನಬಾರದು, ಅದಕ್ಕ ಆ ಸಾಲು. ನಾ ಏನ್ ಮಾಡ್ಲಿ ಹೇಳ್ರಿ?”

“ನನ್ನ ಕೈಲೇ ಬರಸಿದಿರಲ್ರಿ ಸರ್.”

“ನಿಮ್ಮಷ್ಟ ಛಲೋ ಮತ್ತ್ಯಾರ ಬರೀತಾರ್ರಿ?” ಅವರು ಇದನ್ನು ಅಭಿಮಾನದಿಂದಲೇ ಹೇಳಿದರು. “ಶನಿವಾರ ಬರ್ರಿ. ಅನುಭವದ ಸರ್ಟಿಫಿಕೇಟ್ ಅಲ್ಲೇ ಸ್ಟೇಜಿನ ಮ್ಯಾಲ ಕೊಡ್ತೀವಿ.”

ಆ ಕಾಗದವಿಲ್ಲದೆ ಬೇರೆ ಯಾವ ಶಾಲೆಯೂ ಬಾಗಿಲು ತೆಗೆಯುವುದಿಲ್ಲ. ನರಗುಂದದ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಗಂಡ ಸಮೀರ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ. ಆಮೇಲೆ, “ಹೋಗಿ ಇಸಕೊಂಡ ಬಾ. ಜಗಳಾಡಿದ್ರ ಅದೂ ಸಿಗೂದಿಲ್ಲ,” ಎಂದ. ಹಿಂದಿನಿಂದ ಯಾರೋ ಗ್ರಾಹಕರು ಅವನನ್ನು ಕರೆಯುತ್ತಿದ್ದರು.

ಶನಿವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಈಶಪ್ಪನವರ ಸೊಸೆ ಹೊಸ ಸೀರೆಯಲ್ಲಿ ಮುದುಡಿ ಕುಳಿತಿದ್ದಳು. ಈಶಪ್ಪನವರು ಶಾಲು ಹೊದಿಸಿದರು. ಓದಲು ಮಹಾಲಿಂಗಪ್ಪ ಕರೆದದ್ದು ದುರ್ಗಾಳನ್ನು. ಶಾಲೆಯಲ್ಲಿ ಅವಳಷ್ಟು ಸ್ಪಷ್ಟ ಕಂಠ ಯಾರದೂ ಇರಲಿಲ್ಲ. ಆ ಕಂಠವನ್ನು ತಿದ್ದಿದವಳು ನಮ್ರತಾಳೇ.

ಹುಡುಗಿ ಹೆಸರು ಓದಿ ಒಮ್ಮೆ ತಲೆಯೆತ್ತಿ ನೋಡಿದಳು. ‘ಹರಿದದ್ದನ್ನು ಹೊಲಿದ ಕೈಗಳೇ’ ಎಂದಾಗ ಜನ ತಲೆದೂಗಿದರು. ಮೂಲೆಯಲ್ಲಿದ್ದ ಗೌರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಮನೆತನದ ಜವಾಬ್ದಾರಿಯ ನಿಮಿತ್ತ’ ಎಂಬಲ್ಲಿಗೆ ಬಂದು ದುರ್ಗಾಳ ದನಿ ನಿಂತಿತು. ಮಹಾಲಿಂಗಪ್ಪ ಕೆಮ್ಮಿದರು. ದುರ್ಗಾ ಕೆಮ್ಮಿದವರನ್ನು ನೋಡಿದಳು, ಹಾಳೆ ನೋಡಿದಳು, “ಸ್ವಇಚ್ಛೆಯಿಂದ” ಎಂದು ಓದಿ ಮುಗಿಸಿದಳು.

ನಾಲ್ಕು ಮಾತಾಡಬೇಕೆಂದು ನಮ್ರತಾಳ ಕೈಗೆ ಮೈಕು ಕೊಟ್ಟರು.

“ಇದನ್ನ ಬರದಾಕಿ ನಾನ ಇದ್ದೀನ್ರಿ,” ಎಂದಳು. “ನನಗಂತ ಬರದಿದ್ದಿಲ್ಲ. ನನಗ ಸೂಜ್ಯಾಗ ದಾರ ಪೋಣಸ್ಲಿಕ್ಕೂ ಬರೂದಿಲ್ಲ. ಸ್ವಇಚ್ಛೆ ಅಂತ ಅದ. ನನ್ನ ಇಚ್ಛೆ ಯಾರೂ ಕೇಳಿಲ್ಲ.”

ಈಶಪ್ಪನವರು ದೊಡ್ಡದಾಗಿ ನಕ್ಕರು. “ನೋಡ್ರಿ, ಏನ ವಿನಯ! ಹೊಗಳಿಕೀನ ಮೈಗೆ ಹತ್ತಿಸಿಕೊಳ್ಳಾಂಗಿಲ್ಲ! ಮಕ್ಕಳ ಬಿಟ್ಟ ಹೋಗಾಕ ಮನಸಿಲ್ಲ ತಾಯಿಗೆ!” ಚಪ್ಪಾಳೆ ಬಿತ್ತು. ಹಿಂದೆ ಕುಳಿತ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ನಮ್ರತಾ ಇನ್ನೊಮ್ಮೆ ಬಾಯಿ ತೆರೆದಳು. ಯಾರೋ ಮೈಕು ತೆಗೆದುಕೊಂಡು ವಂದನಾರ್ಪಣೆ ಶುರುಮಾಡಿದರು.

ಹೊರಗೆ ಸೈಕಲ್ಲುಗಳ ಹತ್ತಿರ ದುರ್ಗಾ ಕಾಯುತ್ತಿದ್ದಳು.

“ನಾ ಓದಬಾರದಾಗಿತ್ತೇನ್ರಿ ಅಕ್ಕೋರ?”

“ಕೊಟ್ಟದ್ದನ್ನ ಓದಿದಿ. ನಿಂದೇನ ತಪ್ಪದ?”

“ಬರಸಿದವರು ಯಾರಂತ ಈಗ ಗೊತ್ತಾತ್ರಿ.” ಹುಡುಗಿ ಕಾಲ್ಬೆರಳಿಂದ ಮಣ್ಣು ಕೆದರಿದಳು. “ಪರೀಕ್ಷೆದಾಗ ಇಂಥಾದ್ದ ಒಂದು ಕೊಟ್ಟು ಉದ್ದೇಶ ಬರೀರಿ ಅಂದ್ರ, ಏನ್ ಬರೀಲ್ರಿ?”

ನಮ್ರತಾ ಕಟ್ಟು ಹಾಕಿದ ಬಿನ್ನವತ್ತಳೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. ಪೇಪರು ತಿದ್ದುವವಳು ಇನ್ನು ತಾನಲ್ಲ. ಮೆಣಸಗಿಯಿಂದ ಬಸ್ಸಿನಲ್ಲಿ ನಿಂತು ಬರುವ ಹುಡುಗಿ, ಮುಂದಿನ ವರ್ಷ ಹತ್ತನೇ ತರಗತಿ, ಈಗಷ್ಟೇ ವೇದಿಕೆಯ ಮೇಲೆ ಕೆಮ್ಮಿದ ಹೆಡ್‌ಮಾಸ್ತರು. ಹುಡುಗಿಯ ರಿಬ್ಬನ್ನು ಸಡಿಲಾಗಿತ್ತು. ನಮ್ರತಾ ಒಂದು ಕೈಯಿಂದಲೇ ಅದನ್ನು ಬಿಗಿಮಾಡಿದಳು.

“‘ಶಿಕ್ಷಕಿಯ ಅಮೂಲ್ಯ ಸೇವೆಯನ್ನು ಸ್ಮರಿಸುವುದಾಗಿದೆ’ ಅಂತ ಬರಿ,” ಎಂದಳು. “ಪೂರ್ತಿ ಅಂಕ ಬೀಳ್ತಾವ.”

ದುರ್ಗಾ ಅವಳ ಮುಖವನ್ನೇ ನೋಡಿದಳು. ಹೊಸ ಹಾಳೆಯೊಂದನ್ನು ಓದುವಾಗ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ, “ಹೂಂ ರೀ ಅಕ್ಕೋರ,” ಎಂದು ಬಸ್ಸಿಗೆ ಓಡಿದಳು.