ಗುಡ್ಡದ ಎರಡು ಕಡೆ

ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ದಾದಿ ಮೇಲಧಿಕಾರಿಗೆ ಮೂರನೆಯ ಸಲ ಫೋನು ಮಾಡಿದಳು. ಸಂಜೆ ನಾಲ್ಕರ ಲಾಂಚಿನಲ್ಲಿ ಅವಳು ಸಹಿ ಮಾಡಿದ ಅರ್ಜಿ ಹೋಗಬೇಕಿತ್ತು. ಅದರಲ್ಲಿ ಒಂದೇ ಸಾಲು ಖಾಲಿ ಉಳಿದಿತ್ತು: ವಾಸದ ಊರು.

"ನೋಡಿಯಮ್ಮ, ಆ ದ್ವೀಪದಲ್ಲಿ ಇರೋದೇ ಎರಡು ಊರು," ಎಂದರು ಅಧಿಕಾರಿ. "ಎರಡೂ ಗಲಾಟೆ ಇಲ್ಲದ ಊರು ಅಂತ ಕೇಳಿದ್ದೀನಿ. ನಿಮ್ಮ ಅನುಕೂಲ ನೋಡ್ಕೊಳ್ಳಿ."

"ನನ್ನ ಅನುಕೂಲದ ಪ್ರಶ್ನೆ ಅಲ್ಲ ಸರ್. ನಾನಿರೋ ಮನೆಯ ಮುಂದಿನ ಕೋಣೆಯೇ ಆಸ್ಪತ್ರೆ ಅಂತ ನೀವೇ ಬರೆದಿದ್ದೀರಿ. ಒಂದೂರಿಂದ ಇನ್ನೊಂದೂರಿಗೆ ಗುಡ್ಡ ಹತ್ತಿ ಇಳಿಯೋಕೆ ಐವತ್ತು ನಿಮಿಷ. ನಾನು ಎಲ್ಲಿರಬೇಕು ಅಂತ ಇಲಾಖೆ ಹೇಳಬೇಕಲ್ವಾ?"

"ಇಲಾಖೆ ನಿಮ್ಮ ಮೇಲೆ ವಿಶ್ವಾಸ ಇಟ್ಟಿದೆ," ಎಂದು ಅವರು ಫೋನಿಟ್ಟರು.

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಲಾಖೆ ಅವಳ ಮೇಲೆ ವಿಶ್ವಾಸ ಇಟ್ಟಿದ್ದು ಇದೇ ಮೊದಲು.

"ಏನಂತೆ?" ಅತ್ತೆ ಮಂಚದ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅವಳಿಗೆ ಎಪ್ಪತ್ನಾಲ್ಕು.

"ನನ್ನ ಅನುಕೂಲ ನೋಡ್ಕೊಳ್ಬೇಕಂತೆ."

"ಹಾಗಾದ್ರೆ ನೋಡ್ಕೋ. ದೊಡ್ಡವರ ಮಾತು ಕೇಳೋ ಅಭ್ಯಾಸ ಈಗಲಾದ್ರೂ ಬರಲಿ."

ಅನುಕೂಲವೇ ನೋಡುವುದಾದರೆ ಯೋಚಿಸುವಂಥದ್ದು ಏನೂ ಇರಲಿಲ್ಲ. ಮೂರು ದಿನದಿಂದ ಅವರು ಇಳಿದುಕೊಂಡಿದ್ದ ಈ ಮನೆ ಲಾಂಚು ನಿಲ್ಲುವ ದಕ್ಕೆಯಿಂದ ನೂರು ಹೆಜ್ಜೆ. ನೆಲಮಟ್ಟದ ಬಾಗಿಲು, ಒಳಗೇ ನಲ್ಲಿ, ಎದುರಿಗೇ ಅಂಗಡಿ. ಆಚೆ ದಡದಲ್ಲಿ ಲಾಂಚು ರಿಪೇರಿ ಮಾಡುವ ಗಂಡ ಶನಿವಾರ ಸಂಜೆ ಇಳಿದರೆ ಎರಡು ನಿಮಿಷದಲ್ಲಿ ಮನೆಯಲ್ಲಿ. ಗುಡ್ಡದಾಚೆಯ ಊರಲ್ಲಿ ತೋರಿಸಿದ ಮನೆಗೆ ಇಪ್ಪತ್ತೆರಡು ಕಲ್ಲು ಮೆಟ್ಟಿಲು. ನೀರು ಕೆಳಗಿನಿಂದ ಹೊರಬೇಕು. ಮಾಡಿನ ತಗಡು ಒಂದು ಮೂಲೆಯಲ್ಲಿ ಎದ್ದು ಗಾಳಿಗೆ ಬಡಿಯುತ್ತಿತ್ತು.

ಅಷ್ಟರಲ್ಲಿ ಅಂಗಡಿಯವನು ಬಂದ. ಊರಿನ ಹಿರಿತನವೂ ಟಪಾಲು ಚೀಲವೂ ಅವನದೇ. ಮೀಸೆ ಬೋಳಿಸಿ ಹನ್ನೆರಡು ವರ್ಷವಾಗಿದ್ದರೂ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

"ಒತ್ತಾಯ ಏನಿಲ್ಲ ನರ್ಸಮ್ಮ," ಎಂದ. "ಆಚೆಯೂರೂ ಒಳ್ಳೇ ಊರೇ. ಜನ ಸ್ವಲ್ಪ ಹಾಗೆ, ಅಷ್ಟೆ."

"ಹಾಗೆ ಅಂದ್ರೆ?"

"ನಾನ್ಯಾಕೆ ಹೇಳ್ಲಿ? ನೀವೇ ನೋಡ್ತೀರಲ್ಲ."

ಹಿಂದಿನ ದಿನ ಗುಡ್ಡದಾಚೆ ಒಬ್ಬ ಹೆಂಗಸು ಈ ಊರಿನ ಬಗ್ಗೆ ಇದೇ ಮಾತುಗಳನ್ನು ಇದೇ ಕ್ರಮದಲ್ಲಿ ಹೇಳಿದ್ದಳು. ದಾದಿಗೆ ತಲೆ ಚಿಟ್ಟುಹಿಡಿಯಿತು. ಅವಳಿಗೆ ಬೇಕಾಗಿದ್ದದ್ದು ಲೆಕ್ಕಕ್ಕೆ ಸಿಗುವ ಒಂದು ಸಂಗತಿ.

ಅದು ಕಪಾಟಿನಲ್ಲಿ ಸಿಕ್ಕಿತು. ಹಿಂದಿನ ದಾದಿಯ ರಿಜಿಸ್ಟರು, ಪೂರ್ತಿ ಒಂದು ವರ್ಷದ್ದು. ದಕ್ಕೆಯ ಊರಿನವರು ಚಿಕಿತ್ಸೆಗೆ ಬಂದದ್ದು ನಾನೂರ ಹನ್ನೆರಡು ಸಲ. ಗುಡ್ಡದಾಚೆಯಿಂದ ಮೂವತ್ತೇಳು. ಜನಸಂಖ್ಯೆಯಲ್ಲಿ ಅಂಥ ಅಂತರವಿರಲಿಲ್ಲ. ಇಲ್ಲಿ ನೂರ ನಲವತ್ತು, ಅಲ್ಲಿ ನೂರ ಹದಿನೆಂಟು. ಆಚೆಯವರು ಗಟ್ಟಿ ಪಿಂಡಗಳು ಎಂದಾಯಿತು. ಅವಳಿಗೆ ಎದೆ ಹಗುರವಾಯಿತು.

"ಇಲ್ಲೇ ಇರೋಣ ಅತ್ತೆ."

"ಅದನ್ನ ಹೇಳೋಕೆ ಮೂರು ದಿನ ಬೇಕಿತ್ತಾ? ಬಾ, ಈ ಮಂಚ ಕಿಟಕಿ ಹತ್ತಿರಕ್ಕೆ ಎಳಿ."

ಮಂಚ ಎಳೆದಾಗ ಅದರ ಕುಂಟು ಕಾಲಿನಡಿ ಒತ್ತುಕೊಟ್ಟಿದ್ದ ಪುಸ್ತಕ ಹೊರಬಂತು. ಅದೇ ಅಕ್ಷರ, ಅದೇ ಕೆಂಪು ಗೆರೆ. ಎರಡನೆಯ ವರ್ಷದ ರಿಜಿಸ್ಟರು. ಆ ವರ್ಷ ಹಿಂದಿನ ದಾದಿ ಗುಡ್ಡದಾಚೆಗೆ ಮನೆ ಬದಲಿಸಿದ್ದಳು; ಅವಳು ದ್ವೀಪ ಬಿಟ್ಟ ಮೇಲೆ ಆಸ್ಪತ್ರೆಯ ಸಾಮಾನು ಈ ಮನೆಗೆ ವಾಪಸು ಬಂದಿತ್ತು. ದಾದಿ ನಿಂತಲ್ಲೇ ಎಣಿಸಿದಳು. ಗುಡ್ಡದಾಚೆಯವರು ಮುನ್ನೂರ ಅರವತ್ತಾರು. ದಕ್ಕೆಯವರು ಐವತ್ತೊಂದು.

ದಾದಿ ಎಲ್ಲಿರುತ್ತಾಳೋ ರೋಗಿಗಳು ಅಲ್ಲಿರುತ್ತಾರೆ. ಉಳಿದವರ ಕಾಯಿಲೆ ಯಾವ ಪುಸ್ತಕದಲ್ಲೂ ಇಲ್ಲ.

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಈ ಬಿಸಿಲಲ್ಲಿ ಎಲ್ಲಿಗೆ ಹೊರಟೆ?"

"ಬರ್ತೀನಿ."

ಗುಡ್ಡದಾಚೆ, ಆ ಇಪ್ಪತ್ತೆರಡು ಮೆಟ್ಟಿಲಿನ ಬುಡದ ಮನೆಯಲ್ಲಿ ಬಲೆ ಹೆಣೆಯುವ ಮುದುಕನಿದ್ದ. ಹಿಂದಿನ ದಿನವೂ ಅವನು ಹೊಸ್ತಿಲಲ್ಲಿ ಹೀಗೇ ಕಾಲ ಮೇಲೆ ಗೋಣಿಚೀಲ ಹೊದ್ದು ಕುಳಿತಿದ್ದ. ಸಂಜೆಯ ಚಳಿಗಿರಬೇಕು ಎಂದುಕೊಂಡಿದ್ದಳು. ಇವತ್ತು ಮಧ್ಯಾಹ್ನದ ಒಂದೂವರೆ. ಹತ್ತಿರ ಹೋದಾಗ ವಾಸನೆ ಬಂತು. ಕೇಳದೆಯೇ ಗೋಣಿ ಎತ್ತಿದಳು. ಹಿಮ್ಮಡಿಯ ಮೇಲೆ ಅಂಗೈಯಗಲದ ಹುಣ್ಣು, ಅದಕ್ಕೆ ಹಳೆಯ ಪಂಚೆಯ ಚೂರು ಅಂಟಿಕೊಂಡಿತ್ತು.

"ಎಷ್ಟು ದಿನದಿಂದ?"

"ಏಳು ತಿಂಗಳು ಆಗಿರಬೇಕು."

"ಏಳು ತಿಂಗಳು ಇದನ್ನ ಮುಚ್ಚಿಟ್ಟುಕೊಂಡು ಕೂತಿದ್ರಾ? ಲಾಂಚ್ ಹತ್ತಿ ದೊಡ್ಡಾಸ್ಪತ್ರೆಗೆ ಹೋಗೋಕೆ ಏನಾಗಿತ್ತು?"

"ದಕ್ಕೆವರೆಗೂ ಹೋಗೋಕೆ ಕಾಲು ಬೇಕಲ್ಲಮ್ಮ," ಎಂದ ಮುದುಕ. ಕುಹಕವಾಗಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ. "ಹಿಂದಿನ ನರ್ಸಮ್ಮ ಹೋಗಿ ಎಂಟು ತಿಂಗಳು. ಇನ್ನೊಬ್ಬರು ಬರ್ತಾರೆ ಅಂದ್ರು. ಕಾಯ್ತಿದ್ದೆ."

ಹುಣ್ಣು ತೊಳೆದು ಕಟ್ಟಲು ನಲವತ್ತು ನಿಮಿಷ ಹಿಡಿಯಿತು. ಅಕ್ಕಪಕ್ಕದವರನ್ನು ಕರೆದು, ನಾಳೆ ಬೆಳಗಿನ ಲಾಂಚಿಗೆ ಇವರನ್ನು ಹೊತ್ತು ತರಬೇಕು, ನೆಪ ಹೇಳಕೂಡದು ಎಂದಳು.

"ನೀವು ಇಲ್ಲಿ ಇರ್ತೀರಾ?" ಎಂದು ಒಬ್ಬ ಹೆಂಗಸು ಕೇಳಿದಳು.

"ಗೊತ್ತಿಲ್ಲ," ಎಂದು ರೇಗಿದಳು ದಾದಿ.

ಅವಳು ಮರಳಿದಾಗ ಮೂರು ಗಂಟೆ ದಾಟಿತ್ತು. ಅತ್ತೆ ಕಿಟಕಿಗೆ ಪರದೆ ಕಟ್ಟಿ ಮುಗಿಸಿದ್ದಳು. ದಾದಿ ನಿಂತುಕೊಂಡೇ ಎಲ್ಲವನ್ನೂ ಹೇಳಿ, ಏನು ಮಾಡೋಣ ಎಂದು ಕೇಳಿದಳು.

"ನನ್ನ ಯಾಕೆ ಕೇಳ್ತೀಯ? ಒಳಗೆ ಬಂದಾಗಲೇ ನಿನ್ನ ಮುಖ ನೋಡಿದೆ."

"ಕೇಳ್ತಿದ್ದೀನಿ ಅತ್ತೆ. ಇಪ್ಪತ್ತೆರಡು ಮೆಟ್ಟಿಲಿದೆ."

"ಒಂದು ಸಲ ಹತ್ತಿದರಾಯ್ತು. ಇಳಿಸೋಕೆ ನಾಲ್ಕು ಜನ ಸಿಗ್ತಾರೆ."

"ಹಾಗೆಲ್ಲ ಮಾತಾಡಬೇಡಿ."

"ಮತ್ತೆ ಹೇಗೆ ಮಾತಾಡ್ಲಿ? ನಿಮ್ಮ ಮಾವನೂ ಹೀಗೇ ಇದ್ರು. ಊರಿಗೆ ಉಪಕಾರಿ, ಮನೆಗೆ ಮಾರಿ." ಮೊಣಕಾಲು ನೀವಿಕೊಳ್ಳುತ್ತ ಕೇಳಿದಳು: "ಆ ಮುದುಕನ ಕಾಲು ಉಳಿಯುತ್ತಾ?"

"ಹೇಳೋಕಾಗಲ್ಲ."

ಅತ್ತೆ ಎದ್ದು ಪರದೆ ಬಿಚ್ಚತೊಡಗಿದಳು. ಒಂದು ಗಂಟು ಬಿಚ್ಚಿಕೊಳ್ಳಲಿಲ್ಲ. ಹಲ್ಲು ಕಚ್ಚಿ ಎಳೆದಳು. ದಾದಿ ಸಹಾಯಕ್ಕೆ ಹೋದಾಗ ಕೈ ತಳ್ಳಿದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ದಾದಿ ಅರ್ಜಿಯನ್ನು ಅಂಗಡಿಗೆ ಒಯ್ದಳು. ಮೀಸೆ ಅದನ್ನು ಟಪಾಲು ಚೀಲಕ್ಕೆ ಹಾಕುವ ಮೊದಲು ಅವಳ ಎದುರೇ ಬಿಡಿಸಿ ಓದಿದ.

"ಆಯ್ತು," ಎಂದ. "ನಮಗೆ ಕಾಯಿಲೆ ಬಂದರೆ ಗುಡ್ಡ ಹತ್ತಬೇಕು."

"ನಾನು ವಾರಕ್ಕೆ ಮೂರು ದಿನ ಇಲ್ಲಿಗೆ ಬರ್ತೀನಿ."

"ಹಿಂದಿನವರೂ ಹಾಗೇ ಅಂದಿದ್ರು."

ಐವತ್ತೊಂದು ಎಂಬ ಅಂಕಿಯನ್ನು ಅವಳೇ ಎಣಿಸಿದ್ದಳು.

ಮಾರನೆಯ ದಿನ ಬಲೆಯ ಮುದುಕನನ್ನು ಆರು ಜನ ಕುರ್ಚಿಯಲ್ಲಿ ಹೊತ್ತು ತಂದರು. ಆಚೆ ದಡದ ಡಾಕ್ಟರು ಕಾಲು ನೋಡಿ, ಪಾದ ತೆಗೆಯಬೇಕಾಗಬಹುದು, ಒಂದು ತಿಂಗಳ ಹಿಂದೆ ತಂದಿದ್ದರೆ ಬೇರೆ ಮಾತು ಎಂದರು. ಗುರುವಾರ ಸಾಮಾನು ಹೋಯಿತು. ಅತ್ತೆ ಗುಡ್ಡವನ್ನು ಅದೇ ಕುರ್ಚಿಯಲ್ಲಿ ದಾಟಿದಳು. ಮೆಟ್ಟಿಲುಗಳನ್ನು ಮಾತ್ರ ಯಾರೂ ಮುಟ್ಟಕೂಡದು ಎಂದು, ಮೂರು ಕಡೆ ಕುಳಿತು ತಾನೇ ಹತ್ತಿದಳು. ಅಂದಿನಿಂದ ಸೊಸೆಯ ಜೊತೆ ಅವಳು ಊಟಕ್ಕೆ ಕರೆಯುವಷ್ಟೇ ಮಾತಾಡಿದಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದಾದಿ ದಕ್ಕೆಯ ಊರಿಗೆ ಇಳಿದಳು. ಮೊದಲ ಮನೆಯೊಳಗೆ ರೇಡಿಯೊ ಹಾಡುತ್ತಿತ್ತು. ಬಾಗಿಲು ಬಡಿದ ಮೇಲೆ ಅದು ನಿಂತಿತು, ಬಾಗಿಲು ತೆರೆಯಲಿಲ್ಲ. ಅಂಗಡಿಯಿಂದ ಮೀಸೆ, "ಇವತ್ತು ನಮ್ಮೂರಲ್ಲಿ ಎಲ್ಲರೂ ಆರಾಮ, ನರ್ಸಮ್ಮ," ಎಂದ. ಮುಂದಿನ ಎರಡು ಮನೆಗಳಿಗೆ ಬೀಗ. ನಾಲ್ಕನೆಯ ಮನೆಯಲ್ಲಿ ಒಬ್ಬ ದಪ್ಪ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಎರಡು ಸ್ಟೂಲು ತಂದಳು. ಒಂದನ್ನು ಸೂರಿನ ನೆರಳಿಗೆ ಹಾಕಿ ತಾನು ಕುಳಿತಳು. ಇನ್ನೊಂದನ್ನು ಬಿಸಿಲಿಗೆ ಹಾಕಿದಳು. ದಾದಿ ಬಿಸಿಲಲ್ಲಿ ಕುಳಿತು ಚೀಲ ತೆರೆದಳು. ಹೆಂಗಸು ಮುಖ ಆಚೆ ತಿರುಗಿಸಿಕೊಂಡು ಎಡಗೈ ಚಾಚಿದಳು. ಬಿಪಿ ನೂರ ಎಪ್ಪತ್ತೆರಡಿತ್ತು.