ಗುರುವಾರದ ಎರಡನೇ ಪಂಕ್ತಿ

ಗುರುವಾರ ಬಂತೆಂದರೆ ಅಕ್ಕಲಕೋಟೆಗೆ ಸುತ್ತಲಿನ ಜನವೆಲ್ಲ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಬರುತ್ತದೆ. ಅವರಲ್ಲಿ ಅನುಕೂಲಸ್ಥರು ಊರ ಹೊರಗಿನ ಬಾಲಗೃಹಕ್ಕೂ ಒಂದು ಸುತ್ತು ಹಾಕುತ್ತಾರೆ. ಸತ್ತವರ ಹೆಸರಿನಲ್ಲೋ ಹುಟ್ಟಿದವರ ಹೆಸರಿನಲ್ಲೋ ಅಲ್ಲಿನ ಮಕ್ಕಳಿಗೆ ಹೋಳಿಗೆ ಊಟ ಹಾಕಿಸುವುದು ಸೊಲ್ಲಾಪುರದ ವ್ಯಾಪಾರಸ್ಥ ಮನೆತನಗಳಲ್ಲಿ ಹಿಂದಿನಿಂದ ನಡೆದು ಬಂದದ್ದು. ತಪ್ಪೇನಿಲ್ಲ ಅನ್ನಿ. ಆದರೆ ಎಲ್ಲರಿಗೂ ಗುರುವಾರವೇ ಬೇಕು. ಹಾಗಾಗಿ ಆ ಮಕ್ಕಳು ಗುರುವಾರ ಎರಡೆರಡು ಸಲ ಉಣ್ಣುತ್ತವೆ, ಶುಕ್ರವಾರ ನೀರಿನಂಥ ಬೇಳೆ ಕುಡಿಯುತ್ತವೆ.

ಇದು ಸಾರಿಕಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಬೆಳೆದದ್ದೇ ಆ ಬಾಲಗೃಹದಲ್ಲಿ. ಹೊಟ್ಟೆ ಬಿರಿಯುವಂತಾದಾಗ ಹೋಳಿಗೆಯನ್ನು ಫ್ರಾಕಿನ ಮಡಿಕೆಯಲ್ಲಿ ಬಚ್ಚಿಟ್ಟು ಬಚ್ಚಲಿನ ಹಿಂದೆ ಎಸೆಯುತ್ತಿದ್ದಳು. ನಾಯಿಗಳೂ ಮೂಸಿ ಬಿಡುತ್ತಿದ್ದವು. ಆ ಹುಳಿ ನಾತ ಇವತ್ತಿಗೂ ಅವಳ ಮೂಗಿನಿಂದ ಹೋಗಿಲ್ಲ.

ಹದಿನೆಂಟು ತುಂಬಿದ ದಿನ ಒಂದು ಚೀಲ ಕೊಟ್ಟು ಅವಳನ್ನು ಹೊರಗೆ ಕಳಿಸಿದರು. ಈಗ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ಅಂಚು ಹೊಲಿಯುತ್ತಾಳೆ. ಅದೇ ಬಾಲಗೃಹದಲ್ಲಿ ಬೆಳೆದು ಮಗ್ಗ ನಡೆಸುವ ಸೋಮೇಶ, ದವಾಖಾನೆಯಲ್ಲಿ ಆಯಾ ಆಗಿರುವ ಮನೀಷಾ, ಇಂಥವರೆಲ್ಲ ಭಾನುವಾರಕ್ಕೊಮ್ಮೆ ಕುಂಭಾರಿಯ ಅವಳ ಬಾಡಿಗೆ ಖೋಲಿಯಲ್ಲಿ ಕೂಡುತ್ತಾರೆ. ಹೊಸದಾಗಿ ಹೊರಬಿದ್ದವರಿಗೆ ಖೋಲಿ ಹುಡುಕಿಕೊಡುವುದು, ಜಡ್ಡಾದವರ ಹತ್ತಿರ ಕೂಡುವುದು, ಮದುವೆಯಾದರೆ ಹೆಣ್ಣಿನ ಕಡೆಯವರಾಗಿ ನಿಲ್ಲುವುದು ಅವರ ಕೆಲಸ. ಒಳಗಿರುವ ಮಕ್ಕಳ ಮಾತನ್ನೂ ಯಾರಾದರೂ ಕೇಳಬೇಕಲ್ಲ ಎಂದು ಸೊಲ್ಲಾಪುರದ ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲಿಗೆ ಚಪ್ಪಲಿ ಸವೆಸಿದ್ದರು. ಕೊನೆಗೆ ಪರವಾನಗಿ ಸಿಕ್ಕಿತ್ತು. ತಿಂಗಳಿಗೊಮ್ಮೆ, ಗುರುವಾರ ಮೂರಕ್ಕೆ, ಸಿಬ್ಬಂದಿ ಯಾರೂ ಇಲ್ಲದೆ ಮಕ್ಕಳ ಜೊತೆ ಕೂಡಬಹುದು. ಇವತ್ತೇ ಮೊದಲನೆಯದು.

ಮೂವರೂ ತುಸು ಮೊದಲೇ ಬಂದರು. ಒಳಗೆ ನೋಡಿದರೆ ಎರಡನೇ ಪಂಕ್ತಿ ಹಾಸಿತ್ತು. ಮೊದಲ ಪಂಕ್ತಿಯ ಎಂಜಲು ಎಲೆಗಳು ಮೂಲೆಯಲ್ಲೇ ಬಿದ್ದಿದ್ದವು, ನೊಣ ಮುತ್ತಿತ್ತು. ಗೋಡೆಗೆ ಒಂದು ಮುದುಕಿಯ ಫೋಟೋ ಆನಿಸಿ ಹಾರ ಹಾಕಿದ್ದರು. ಪಕ್ಕದಲ್ಲಿ ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಶಾಂತಲಿಂಗಪ್ಪ, ಅವರ ಹೆಂಡತಿ ಉಮಾಬಾಯಿ.

"ಅವರವ್ವನ ವರ್ಷದ ತಿಥಿ ಇದ್ದದ್ದು ಮಂಗಳವಾರ," ಎಂದು ಸೋಮೇಶ ಪಿಸುಗುಟ್ಟಿದ. "ಡ್ರೈವರ್ ಹೇಳಿದ. ದರ್ಶನದ ಜೋಡಿ ಇದೂ ಆಗ್ಲಿ ಅಂತ ಗುರುವಾರಕ್ಕ ದೂಡ್ಯಾರ."

"ಪಾಪ, ಆ ಮುದುಕಿ ಎರಡು ದಿನ ಉಪಾಸ ಕುಂತಾಳ," ಎಂದಳು ಮನೀಷಾ.

ಬಾಲಗೃಹದ ಮೇಲ್ವಿಚಾರಕಿ ಕಸ್ತೂರಬಾಯಿ ನಗುನಗುತ್ತ ಬಂದು ಹೋಳಿಗೆ ಬುಟ್ಟಿಯನ್ನು ಸಾರಿಕಾಳ ಕೈಗಿಟ್ಟಳು. "ಸಾವಕಾರ್ರ, ಇಕಿ ನಮ್ಮ ಮಗಳ್ರಿ. ಇಲ್ಲೇ ಉಂಡು ಬೆಳದಾಳ. ಬಡಸು ಸಾರಿಕಾ, ಎಷ್ಟು ಚಂದ ಕಾಣತದ!" ಆಮೇಲೆ ಕಿವಿಯ ಹತ್ತಿರ, "ಸುಮ್ಮ ಬಡಸು. ಮುಂದಿನ ತಿಂಗಳೂ ಬರಬೇಕು ಅನಸ್ತದಿಲ್ಲ?"

ಸಾರಿಕಾ ಬುಟ್ಟಿ ಹಿಡಿದು ನಿಂತಳು. ಬೇಡವೆಂದರೆ ಗೇಟು ಮುಚ್ಚುತ್ತದೆ, ಮಕ್ಕಳ ಮಾತು ಒಳಗೇ ಉಳಿಯುತ್ತದೆ. ಬಡಿಸಿದರೆ ತಾನೂ ಇವರಲ್ಲೊಬ್ಬಳು. ಆದರೂ ನಾಲ್ಕು ಎಲೆಗೆ ಬಡಿಸಿದಳು. ಮಕ್ಕಳು ತಲೆ ಎತ್ತಲಿಲ್ಲ. ಐದನೇ ಎಲೆಯ ಮುಂದೆ ಚಂದ್ರಭಾಗಾ ಎಂಬ ಸಣ್ಣ ಹುಡುಗಿ. ಮೊದಲ ಪಂಕ್ತಿಯ ತುತ್ತು ಇನ್ನೂ ಅವಳ ದವಡೆಯಲ್ಲಿತ್ತು. ಬೇಡ ಎನ್ನುವಂತೆ ಎಲೆಯ ಮೇಲೆ ಅಂಗೈ ಇಟ್ಟಳು.

ಸಾರಿಕಾಳ ಕೈ ಮುಂದೆ ಹೋಗಲಿಲ್ಲ.

"ಬಾಯಾರ, ಇವರ ಊಟ ಆಗ್ಯಾದ್ರಿ," ಎಂದಳು ಉಮಾಬಾಯಿಗೆ. "ಆಗಳೇ ಬ್ಯಾರೆಯವರು ಉಣಸಿ ಹೋಗ್ಯಾರ."

"ಸಣ್ಣ ಹುಡುಗರು, ಕಲ್ಲು ತಿಂದ್ರೂ ಕರಗತಾವ," ಎಂದಳು ಉಮಾಬಾಯಿ. "ಎಲಿ ಮ್ಯಾಲ ಬಿಟ್ರ ನಮ್ಮತ್ತಿಗೆ ಮುಟ್ಟಂಗಿಲ್ಲವ್ವಾ."

"ಹಂಗಾದ್ರ ನಾವು ಮೂವರು ಕೂಡತೀವಿ. ನಾವೂ ಇಲ್ಲಿಯವರೇ. ಮುಂಜಾನಿಂದ ಉಂಡಿಲ್ಲ."

ಶಾಂತಲಿಂಗಪ್ಪ ಸೋಮೇಶನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ದುಡಿಯೋ ಮಂದಿ. ನಿಮಗ ಉಣಸಿದ್ರ ಏನ್ ಪುಣ್ಯ? ಅನಾಥ ಅಂದ್ರ ಸಣ್ಣವಿರಬೇಕು. ಸರೀರಿ ಅತ್ಲಾಗ, ಫೋಟೋದಾಗ ಅಡ್ಡ ಬರತೀರಿ."

ಆ ಮಾತನ್ನು ಅವರು ಸಿಟ್ಟಿನಿಂದಲೂ ಆಡಲಿಲ್ಲ. ಅಂಗಡಿಯಲ್ಲಿ ಈ ಬಣ್ಣ ಬೇಡ, ಆ ಬಣ್ಣ ತೋರಿಸು ಎಂದಂತೆ ಅಂದರು.

ಶಾಂತಲಿಂಗಪ್ಪ ಮೊಬೈಲು ಎತ್ತಿದರು. ಕಸ್ತೂರಬಾಯಿ ಹಿಂದಿನಿಂದ ಚಂದ್ರಭಾಗಾಳ ಬೆನ್ನು ಚಿವುಟಿದಳು. ಹುಡುಗಿ ಗಾಬರಿಯಾಗಿ ಬಾಯಿ ತೆರೆದಳು. ಉಮಾಬಾಯಿ ತುಪ್ಪದಲ್ಲಿ ಅದ್ದಿದ ತುತ್ತನ್ನು ತುರುಕಿ, ಮೊಬೈಲಿನತ್ತ ಮುಖ ತಿರುಗಿಸಿ ನಕ್ಕಳು. ಹುಡುಗಿ ಎರಡು ಸಲ ಬಿಕ್ಕಿದಳು. ಆಮೇಲೆ ಉಂಡದ್ದೆಲ್ಲ ಹೊರಗೆ ಬಂತು. ಎಲೆಯ ಮೇಲೆ, ಲಂಗದ ಮೇಲೆ, ಉಮಾಬಾಯಿಯ ಇಳಕಲ್ ಸೀರೆಯ ಅಂಚಿನ ಮೇಲೆ.

"ಇಶ್ಶೀ!" ಎಂದು ಉಮಾಬಾಯಿ ಜಿಗಿದಳು. ಹುಡುಗಿಗೆ ಏನಾಯಿತೆಂದು ಯಾರೂ ಕೇಳಲಿಲ್ಲ. ಶಾಂತಲಿಂಗಪ್ಪ ಅವ್ವನ ಫೋಟೋವನ್ನು ಬಗಲಲ್ಲಿ ಹಿಡಿದು, "ಮುಂದಿನ ವರ್ಷ ಬ್ಯಾರೆ ಕಡೆ ನೋಡೂಣು. ಶಿಸ್ತಿಲ್ಲ ಇಲ್ಲಿ," ಎನ್ನುತ್ತ ನಡೆದರು.

ಗಾಡಿ ಹೋದ ಮೇಲೆ ಕಸ್ತೂರಬಾಯಿಯ ನಗು ಇಳಿಯಿತು. "ಏಯ್ ಚಂದ್ರಿ, ಅರಬಿ ತಂದು ವರಸು! ಒಳ್ಳೆಯವರ ಮುಂದ ಮಾನ ಕಳದಿ."

"ಆಕಿ ವರಸಂಗಿಲ್ಲ," ಎಂದಳು ಸಾರಿಕಾ. ಬುಟ್ಟಿ ಕೆಳಗಿಟ್ಟು ಹುಡುಗಿಯನ್ನು ನಲ್ಲಿಯ ಹತ್ತಿರ ಕರೆದೊಯ್ದಳು. ಬಾಯಿ ತೊಳೆದು ತನ್ನ ಓಡಣಿಯಿಂದ ಮುಖ ಒರೆಸಿದಳು.

"ನಾಳಿ ನಾನೇ ಸೊಲ್ಲಾಪುರಕ್ಕ ಹೋಗಿ ಹೇಳತೀನಿ," ಎಂದಳು ಕಸ್ತೂರಬಾಯಿ. "ಇವರು ಬಂದು ಹುಡುಗರನ್ನ ಕೆಡಸಾಕತ್ತಾರ ಅಂತ. ಮುಂದಿನ ತಿಂಗಳ ಗೇಟಿನಾಗ ಕಾಲಿಟ್ಟು ನೋಡು."

"ಹೇಳ್ರಿ. ನಾವೂ ಕಂಡದ್ದು ಹೇಳತೀವಿ. ಆದ್ರ ಇವತ್ತಿನ ಮೂರು ಆಗ್ಯಾದ. ಈಗ ನೀವು ಹೊರಗ ಹೋಗಬೇಕ್ರಿ ಬಾಯಾರ. ಪರವಾನಗಿ ಹಂಗ ಅದ."

ಕಸ್ತೂರಬಾಯಿ ಬಾಗಿಲನ್ನು ದಡಕ್ಕನೆ ಎಳೆದುಕೊಂಡು ಹೋದಳು.

ಸೋಮೇಶನೂ ಮನೀಷಾಳೂ ನೀರು ಹೊಯ್ದು ನೆಲ ತೊಳೆದರು. ನಾತ ಹೋಗಲಿಲ್ಲ. ಮಕ್ಕಳು ಗೋಡೆಗೆ ಆತುಕೊಂಡು ಕೂತವು, ಈ ಅಕ್ಕನೂ ಬೈಯಬಹುದೆಂಬ ಅಂಜಿಕೆಯಲ್ಲಿ.

"ಯಾರೂ ಬೈಯಂಗಿಲ್ಲ," ಎಂದಳು ಸಾರಿಕಾ. "ನಿಮಗ ಏನ್ ಬೇಕು, ಏನ್ ಬ್ಯಾಡ, ಬಾಯಿಬಿಟ್ಟು ಹೇಳ್ರಿ. ಸಮಿತಿ ಮುಂದ ನಾವು ಹೇಳತೀವಿ."

ಚಂದ್ರಭಾಗಾ ಒದ್ದೆ ಲಂಗ ಹಿಂಡುತ್ತ ಕೇಳಿದಳು:

"ಅಕ್ಕಾ, ಸಾಕಾತು ಅಂದ್ರ ಎಲಿ ಬಿಟ್ಟು ಏಳಬಹುದಾ?"