ಯರ್ರಪ್ಪನ ಹೊಲಿಗೆ

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಕಾಂಪೌಂಡಿಗೆ ಒರಗಿ ಕೂತು ಊರವರ ಚಪ್ಪಲಿಯನ್ನೆಲ್ಲ ಹೊಲಿಯುವ ದುರುಗಕ್ಕನ ಚಪ್ಪಲಿಗೆ ಮಾತ್ರ ಪಿನ್ನು! ನೋಡಿದವರು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು? ಮೂವತ್ತು ವರ್ಷ ಅವಳ ಚಪ್ಪಲಿಯನ್ನು ಗಂಡ ಯರ್ರಪ್ಪ ಹೊಲಿದ, ಅವನದನ್ನು ಇವಳು ಹೊಲಿದಳು. ತಮ್ಮದನ್ನು ತಾವೇ ಹೊಲಿದುಕೊಳ್ಳುವ ಪದ್ಧತಿ ಆ ಜೋಡಿಗೆ ಇರಲಿಲ್ಲ. ಅವನು ತೀರಿಹೋಗಿ ಎರಡು ವರ್ಷವಾಯಿತು. ಚಪ್ಪಲಿಯ ಉಂಗುಟ ಕಿತ್ತುಬಂದ ದಿನ ಪಿನ್ನು ಚುಚ್ಚಿಕೊಂಡಳು, ಅಷ್ಟೇ.

ಅವತ್ತು ಉಳ್ಳಾರ್ತಿ ಕಡೆಯ ಕುರಿಗಾಹಿ ದೊಡ್ಡೀರಪ್ಪ ತನ್ನ ದಪ್ಪ ಚರ್ಮದ ಮೆಟ್ಟು ತಂದು ಮುಂದಿಟ್ಟ. ಅಂಚಿನ ಹೊಲಿಗೆ ಅರ್ಧ ಬಿಟ್ಟಿತ್ತು.

“ನಾಳೆ ಕುರಿ ಹೊಡ್ಕೊಂಡು ಮೊಳಕಾಲ್ಮೂರು ಕಡೆ ಹೊಂಟೀನಿ ಕಣಕ್ಕ. ಗಟ್ಟಿಯಾಗಿ ಹಾಕಿಕೊಡು.”

ದುರುಗಕ್ಕ ಮೆಟ್ಟನ್ನು ಮಗುಚಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಗಂಟುಗಳೆಲ್ಲ ಎಡಕ್ಕೆ ಬಿದ್ದಿದ್ದವು. ಇಡೀ ಚಳ್ಳಕೆರೆಯಲ್ಲಿ ಎಡಗೈಯಿಂದ ಹೊಲಿಯುತ್ತಿದ್ದವನು ಯರ್ರಪ್ಪ ಒಬ್ಬನೇ. ಅವನು ಮಾಡಿದ ಕೆಲಸವೆಲ್ಲ ಊರವರ ಕಾಲಲ್ಲಿ ಸವೆದುಹೋಗಿ, ಅವಳ ಪಾಲಿಗೆ ಒಂದು ಹೊಲಿಗೆಯೂ ಉಳಿದಿರಲಿಲ್ಲ. ಇದಾದರೂ ಇರಲಿ, ಬೇರೆಯವರ ಕಾಲಲ್ಲಾದರೂ ಇರಲಿ ಎಂದು ಆಸೆಯಾಯಿತು.

“ಬಿಟ್ಟಿರೋ ಕಡೆ ಅಷ್ಟೇ ಹಾಕ್ತೀನಿ. ಉಳಿದದ್ದು ಗಟ್ಟಿ ಐತೆ.”

“ನೀನು ಹೇಳಿದ ಮ್ಯಾಲೆ ಮುಗೀತು ಬಿಡಕ್ಕ.”

ಆ ನಂಬಿಕೆಯೇ ಅವಳನ್ನು ಕುಟುಕಿತು. “ಹಳೇ ದಾರ ಪೂರಾ ಬಿಚ್ಚೇ ದುರುಗಿ, ಅರ್ಧ ದಾರೀಲಿ ಕೈಕೊಟ್ರೆ ಅವರ ಕಾಲಿಗ್ಯಾರು ದಿಕ್ಕು?” ಎಂದು ದಿನಾ ಗದರುತ್ತಿದ್ದವನು ಯರ್ರಪ್ಪನೇ ಅಲ್ಲವೇ? ಮೊಳಕಾಲ್ಮೂರಿನ ತನಕ ಬರೀ ಜಾಲಿಮುಳ್ಳು.

“ಹಾಳಾದೋನೇ, ನಿನ್ನ ಮಾತೇ ನಿನಗೆ ಮುಳುವಾಯ್ತು ನೋಡು” ಎಂದು ಮನಸ್ಸಿನಲ್ಲೇ ಬೈದು, ರಂಪಿಗೆಯ ತುದಿಯಿಂದ ಅವನ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ಕಣ್ಣು ಮಂಜಾದಾಗ ಸೆರಗಿನಿಂದ ಒರೆಸಿಕೊಂಡಳು. ಹೊಸ ದಾರಕ್ಕೆ ಮೇಣ ತಿಕ್ಕಿ ಅಂಚಿನ ಸುತ್ತ ಬಿಗಿಯಾಗಿ ಹೊಲಿದಳು. ದೊಡ್ಡೀರಪ್ಪ ಮೆಟ್ಟಿಕೊಂಡು, ನೆಲಕ್ಕೆ ಎರಡು ಸಲ ಒದ್ದು ನೋಡಿ, “ಭಲೇ!” ಎಂದು ಹೊರಟುಹೋದ.

ಮಡಿಲಲ್ಲಿ ಹಳೆಯ ದಾರದ ತುಣುಕುಗಳು ಬಿದ್ದಿದ್ದವು. ಉದ್ದನೆಯದೊಂದನ್ನು ಆರಿಸಿ ಸೂಜಿಗೆ ಪೋಣಿಸಿದಳು. ತನ್ನ ಚಪ್ಪಲಿಯ ಪಿನ್ನು ಕಿತ್ತೆಸೆದು, ಉಂಗುಟಕ್ಕೆ ಆ ದಾರವನ್ನೇ ಹಾಕಿದಳು. ಗಂಟನ್ನೂ ಎಡಕ್ಕೇ ಬಿಗಿದಳು.

ಸಂಜೆ ಪೆಟ್ಟಿಗೆ ಮುಚ್ಚಿ ಹೊರಟು ಬಸ್‌ಸ್ಟ್ಯಾಂಡಿನ ಗೇಟು ದಾಟುವಷ್ಟರಲ್ಲಿ ದಾರ ಹರಿಯಿತು. ಹರಿಯುತ್ತದೆಂದು ಅವಳಿಗೂ ಗೊತ್ತಿತ್ತು. ಆದರೂ ಅಲ್ಲೇ ಸ್ವಲ್ಪ ಹೊತ್ತು ನಿಂತಳು. “ನಾ ಹೇಳಿರ್ಲಿಲ್ವೇನೇ?” ಎಂದು ಗದರುವವರು ಯಾರೂ ಇರಲಿಲ್ಲ. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆ ಕಡೆ ನಡೆದಳು.